ಉಳಿದ 165 ಗಂಟೆ

ಮಾರಿಸ್‌ಟೌನ್‌ನಿಂದಲೋ ಸಾಮರ್ವಿಲ್‌ನಿಂದಲೋ ಡಿಸ್ಚಾರ್ಜ್ ಆಗಿ ಹಿರಿಯರೊಬ್ಬರು ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನ ಮನೆಗೆ ಬಂದರು ಅನ್ನಿ. ಫೋನ್ ಮಾಡಿದ ನಮ್ಮವರು ಮೊದಲು ಕೇಳುವುದು, 'ಚೆನ್ನಾಗಿ ರೆಸ್ಟ್ ತಗೋತಿದ್ದಾರಾ?' ಆಮೇಲೆ, 'ಕೆಲಸ ಗಿಲಸ ಏನೂ ಮಾಡೋಕೆ ಬಿಡ್ತಿಲ್ಲ ತಾನೆ?' ಮಗನೋ ಸೊಸೆಯೋ 'ಇಲ್ಲಪ್ಪ, ಎಲ್ಲಾ ನಾವೇ ನೋಡ್ಕೋತಿದ್ದೀವಿ' ಅಂದರೆ ಎರಡೂ ಕಡೆ ಸಮಾಧಾನ. ನನಗೆ ಮಾತ್ರ ಇತ್ತೀಚೆಗೆ ಆ ಉತ್ತರ ಕೇಳಿದರೆ ಕಳವಳವಾಗುತ್ತದೆ.

ಲೆಕ್ಕ ನೋಡಿ. ಮನೆಗೆ ಬರುವ ಥೆರಪಿಸ್ಟ್ ವಾರಕ್ಕೆ ಮೂರು ಸಲ ಬಂದು ಸಲಕ್ಕೆ ಮುಕ್ಕಾಲು ಗಂಟೆ ಇದ್ದರೆ ಒಟ್ಟು ಎರಡೂಕಾಲು ಗಂಟೆಯಾಯಿತು. ವಾರಕ್ಕಿರುವುದು 168 ಗಂಟೆ. ಉಳಿದ 165 ಚಿಲ್ಲರೆ ಗಂಟೆ ಮನೆಯವರ ಕೈಯಲ್ಲಿ. ಥೆರಪಿಸ್ಟ್ ಎಬ್ಬಿಸಿ ನಿಲ್ಲಿಸಿ ಹೋದವರನ್ನು ನಾವು ಮತ್ತೆ ಕೂರಿಸಿದರೆ ಆ ಎರಡೂಕಾಲು ಗಂಟೆ ಯಾವ ಮೂಲೆಗೂ ಸಾಲದು. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಮಲಗಿಸಿದರು. ಅಷ್ಟಕ್ಕೇ ಕಾಲುಗಳ ಸ್ನಾಯು ಸರಾಸರಿ ಒಂದು ಕಿಲೋದಷ್ಟು ಕರಗಿತ್ತು. ಆರೋಗ್ಯವಂತರ ಕಥೆಯೇ ಇದಾದರೆ ಪಾರ್ಶ್ವವಾಯು ಹೊಡೆದವರದು, ಸೊಂಟದ ಮೂಳೆ ಮುರಿದವರದು ಹೇಗಿದ್ದೀತು?

ರೋಗಿಯ ನಿಜವಾದ ಪರೀಕ್ಷೆ ಮನೆಯಲ್ಲೇ ಎಂಬುದು ಈ ಸೀಮೆಗೆ ಹೊಸ ಮಾತಲ್ಲ. ವಿಸಿಟಿಂಗ್ ನರ್ಸ್ ಅಸೋಸಿಯೇಷನ್ ಆಫ್ ಸಾಮರ್ಸೆಟ್ ಹಿಲ್ಸ್ 1904ರಿಂದ ಇಲ್ಲಿನ ಮನೆಮನೆಗೆ ದಾದಿಯರನ್ನು ಕಳಿಸುತ್ತ ಬಂದ ಸಂಸ್ಥೆ; ಬಾಸ್ಕಿಂಗ್ ರಿಡ್ಜ್‌ನ ಮೌಂಟ್ ಏರಿ ರಸ್ತೆಯಲ್ಲಿ ಅದರ ಕಚೇರಿಯಿತ್ತು. ಪಕ್ಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಇದ್ದ. ಕ್ಷಯದಿಂದ ನರಳಿದವನು, ಎಡಭಾಗದ ಸ್ವಾಧೀನವನ್ನೂ ಕಳೆದುಕೊಂಡವನು. ತೋಟದ ಕೆಲಸ, ಮರಗೆಲಸ ಮಾಡುತ್ತ ಮಾಡುತ್ತ ತನ್ನ ಕೈಕಾಲನ್ನು ತಾನೇ ಮರಳಿ ಪಡೆದ. 1914ರಲ್ಲಿ ಅಲ್ಲಿಯೇ ಒಂದು ಮನೆ ತೆಗೆದುಕೊಂಡು, ಕಾಯಿಲೆಯಿಂದ ಎದ್ದವರಿಗೆ ಕೆಲಸದ ಮೂಲಕವೇ ಚೇತರಿಕೆ ಕೊಡಲು ಹೊರಟ. 1917ರ ಮಾರ್ಚ್‌ನಲ್ಲಿ ಅದೇ ಮನೆಯಲ್ಲಿ ಸೇರಿದ ಬೆರಳೆಣಿಕೆಯ ಜನರಿಂದ ಆಕ್ಯುಪೇಷನಲ್ ಥೆರಪಿಯ ಮೊದಲ ರಾಷ್ಟ್ರೀಯ ಸಂಘ ಹುಟ್ಟಿತು. ಈಗ ಎಲ್ಲರೂ 'ಓ.ಟಿ.' ಅನ್ನುವ ಈ ವಿದ್ಯೆಯನ್ನು ಕಟ್ಟಿದವರಲ್ಲಿ ಒಬ್ಬ ಸ್ವತಃ ರೋಗಿಯಾಗಿದ್ದ, ಅದೂ ಮನೆ ಕಟ್ಟುವುದನ್ನು ಬಲ್ಲ ರೋಗಿ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಚೇತರಿಕೆಯಲ್ಲಿ ಮನೆ ಹೇಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ; ನಮ್ಮ ಮನೆಗಳನ್ನೇ ನೋಡಿ. ಇಲ್ಲಿನ 'ದಿ ಹಿಲ್ಸ್' ಬಡಾವಣೆಯ ಟೌನ್‌ಹೌಸ್‌ಗಳಲ್ಲಿ ಮಲಗುವ ಕೋಣೆ, ಸ್ನಾನದ ಮನೆ ಮೇಲೆ. ಅಡುಗೆಮನೆ, ದೇವರು ಕೆಳಗೆ. ಆಸ್ಪತ್ರೆಯ ನುಣ್ಣನೆಯ ಕಾರಿಡಾರ್‌ನಲ್ಲಿ ವಾಕರ್ ಹಿಡಿದು ಸರಾಗವಾಗಿ ನಡೆದವರು ಇಲ್ಲಿಯ ಕಾರ್ಪೆಟ್ ಹಾಸಿದ ಮೆಟ್ಟಿಲ ಮುಂದೆ ನಿಂತುಬಿಡುತ್ತಾರೆ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು ಎಂಬ ಪಾಠವನ್ನು ಆಸ್ಪತ್ರೆಯಲ್ಲೂ ಹೇಳಿರುತ್ತಾರೆ. ಆದರೆ ಈ ಮನೆಯ ಮೆಟ್ಟಿಲಿನ ಕೈಕಂಬಿ ಒಂದೇ ಬದಿಗಿದೆ, ಅದೂ ಸ್ವಾಧೀನ ತಪ್ಪಿದ ಕೈಯ ಕಡೆಗಿದೆ ಎಂಬುದು ಹೊಸಿಲು ದಾಟಿ ಬಂದವರಿಗೆ ಮಾತ್ರ ತಿಳಿಯುತ್ತದೆ. ಸೀರೆಯ ನೆರಿಗೆ ವಾಕರ್ ಕಾಲಿಗೆ ಸಿಕ್ಕಿಕೊಳ್ಳುವುದೂ ಹಾಗೆಯೇ. 'ನೈಟಿ ಹಾಕಿಸಿ' ಅಂದುಬಿಡುವುದು ಸುಲಭ. ಸೀರೆಯನ್ನು ನಾಲ್ಕು ಬೆರಳು ಎತ್ತಿ ಉಡಿಸಿ, ಅದರ ಮೇಲೆಯೇ ಹಿಡಿದುಕೊಳ್ಳುವ ಬೆಲ್ಟ್ ಬಿಗಿದು ನಡೆಸುವವರು ಒಳ್ಳೆಯ ಥೆರಪಿಸ್ಟ್.

ಇಲ್ಲಿ ಒಂದು ಮನೆಯ ವಿಷಯ ಹೇಳಬೇಕು. ಶಿವಮೊಗ್ಗ ಕಡೆಯ ಅಮ್ಮ, ಮಗನ ಜೊತೆ ಬಹಳ ವರ್ಷದಿಂದ ಇಲ್ಲೇ ಇರುವವರು. ಪಾರ್ಶ್ವವಾಯುವಾಗಿ ಬಲಗೈ ಸೋತಿತ್ತು. ಮನೆಗೆ ಬಂದ ಓ.ಟಿ. ಹುಡುಗಿ ದಪ್ಪ ಹಿಡಿಯ ಚಮಚವನ್ನು ಎಡಗೈಗೆ ಕೊಟ್ಟು ಊಟ ಮಾಡಿಸಲು ನೋಡಿದಳು. ಅಮ್ಮ ತಟ್ಟೆ ದೂರ ತಳ್ಳಿದರು. ಮರುದಿನವೂ ಅದೇ. ಹಸಿವಿಲ್ಲ, ಮನಸ್ಸು ಕುಗ್ಗಿದೆ ಎಂದು ಇವಳು ಬರೆದುಕೊಳ್ಳುವುದರಲ್ಲಿದ್ದಳು. ಅಷ್ಟರಲ್ಲಿ ಸೊಸೆ ಬಾಯಿಬಿಟ್ಟಳು: 'ಅತ್ತೆ ಎಡಗೈಯಲ್ಲಿ ಊಟ ಮಾಡಲ್ಲ. ಪ್ರಾಣ ಹೋದ್ರೂ ಮಾಡಲ್ಲ.' ಹುಡುಗಿ ವಾದಿಸಲಿಲ್ಲ. 'ಹಾಗಾದರೆ ಬಲಗೈಯಲ್ಲಿ ಹೇಗೆ ಊಟ ಮಾಡ್ತಾರೆ, ತೋರಿಸಿ' ಎಂದಳು. ಸೊಸೆ ಅನ್ನ ಕಲಸಿ ತೋರಿಸಿದಳು. ಐದು ಬೆರಳೂ ಕೂಡಬೇಕು, ಬಿಡಬೇಕು, ಹೆಬ್ಬೆರಳು ತುತ್ತನ್ನು ಮುಂದಕ್ಕೆ ನೂಕಬೇಕು. ಬೆರಳು ಹಿಸುಕಿಸಲೆಂದು ತಾನು ಡಬ್ಬಿಯಲ್ಲಿ ತಂದಿದ್ದ ಮೇಣದಂಥ ಮುದ್ದೆ ಮಾಡುವ ಕೆಲಸವೆಲ್ಲ ಈ ತಟ್ಟೆಯಲ್ಲೇ ಇದೆಯಲ್ಲ ಎಂದು ಅವಳಿಗೆ ಹೊಳೆಯಿತು.

ನುಂಗುವುದಕ್ಕೆ ತೊಂದರೆಯಿಲ್ಲ ಎಂದು ಸ್ಪೀಚ್ ಥೆರಪಿಸ್ಟ್ ಆಗಲೇ ಖಚಿತಪಡಿಸಿದ್ದರು. ಅಂಚು ಎತ್ತರವಿರುವ ತಟ್ಟೆ, ಜಾರದಂತೆ ಕೆಳಗೆ ಒದ್ದೆ ಬಟ್ಟೆ, ಅಂಟಿಕೊಂಡು ಉಂಡೆಯಾಗುವ ಮೊಸರನ್ನ. ಮಗನಿಗೆ ಒಂದೇ ಅಪ್ಪಣೆ: 'ಮಣಿಕಟ್ಟಿಗೆ ಆಸರೆ ಕೊಡಿ, ಕೈ ಎತ್ತಬೇಡಿ.' ಅವನಿಗೆ ಅದು ಬಹಳ ಕಷ್ಟವಾಯಿತು. ಆಸ್ಪತ್ರೆಯಿಂದ ಬಂದಾಗಿನಿಂದ ರಾತ್ರಿಯೂಟವನ್ನು ತಾನೇ ತುತ್ತು ಮಾಡಿ ತಿನ್ನಿಸುತ್ತಿದ್ದ ಮಗ ಅವನು. ಅನ್ನ ಸೆರಗಿನ ಮೇಲೆ ಬೀಳುವುದನ್ನು, ಅಮ್ಮನ ಕಣ್ಣಲ್ಲಿ ನೀರು ಬರುವುದನ್ನು ನೋಡುತ್ತ ಸುಮ್ಮನಿರುವುದು ಯಾವ ಮಗನಿಗೆ ಸುಲಭ? ಆದರೂ ಇದ್ದ. ಮೊದಲ ದಿನ ಎರಡು ತುತ್ತು ಬಾಯಿಗೆ ಹೋದವು. ಬರಬರುತ್ತ ಚಪಾತಿ ಹಿಟ್ಟು ನಾದುವುದೂ ಅಮ್ಮನ ಪಾಲಿಗೆ ಬಂತು.

ಬಳಸದ ಕೈಯನ್ನು ಮಿದುಳು ಮರೆಯುತ್ತ ಹೋಗುತ್ತದೆ. ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿ ಇದನ್ನು ಅಧ್ಯಯನ ಮಾಡಿ, ಆಯ್ದ ರೋಗಿಗಳಿಗೆ ಚೆನ್ನಾಗಿರುವ ಕೈಗೆ ಗವುಸು ತೊಡಿಸಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆಯನ್ನು ರೂಪಿಸಿದರು. ಬಾಯಿಗೆ ತುತ್ತು ಇಡುವ ಮಗ, ಕೂತಲ್ಲಿಗೇ ಕಾಫಿ ತಂದುಕೊಡುವ ಸೊಸೆ ತಮಗೆ ಅರಿವಿಲ್ಲದೆ ಇದಕ್ಕೆ ಉಲ್ಟಾ ಮಾಡುತ್ತಿರುತ್ತಾರೆ. ಆರೈಕೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಮುರಿದ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಎಂದು ಡಾಕ್ಟರು ಹೇಳಿರುತ್ತಾರೆ, ಅದನ್ನು ಮೀರಕೂಡದು. ಆ ಮಿತಿಯೊಳಗೆ ಅವರ ಕೆಲಸ ಅವರಿಗೇ ಇರಲಿ.

ಇನ್ನು ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್. ಮನೆಯ ಥೆರಪಿ ಸಿಗಬೇಕಾದರೆ ವೈದ್ಯರ ಅಥವಾ ನರ್ಸ್ ಪ್ರಾಕ್ಟಿಷನರ್ ಥರದ ಅರ್ಹರ ಆದೇಶ ಬೇಕು, ಹೊರಗೆ ಹೋಗುವುದು ರೋಗಿಗೆ ತ್ರಾಸದಾಯಕವಾಗಿರಬೇಕು. ಈ ಎರಡನೆಯ ಮಾತಿಗೆ ಹೆದರಿ ನಮ್ಮವರು ಹಿರಿಯರನ್ನು ಬ್ರಿಡ್ಜ್‌ವಾಟರ್ ವೆಂಕಟೇಶ್ವರ ದೇವಸ್ಥಾನಕ್ಕೂ ಕರೆದೊಯ್ಯುವುದಿಲ್ಲ, 'ಗೊತ್ತಾದರೆ ಥೆರಪಿ ನಿಲ್ಲಿಸಿಬಿಡ್ತಾರೆ' ಎಂದು. ಹಾಗೇನಿಲ್ಲ. ಪೂಜೆ-ಪ್ರಾರ್ಥನೆಗೆ ಹೋಗಿಬರಲು ನಿಯಮದಲ್ಲೇ ಅವಕಾಶವಿದೆ. 'ಸುಧಾರಣೆ ಕಾಣುತ್ತಿಲ್ಲ, ಇನ್ನು ಬರುವುದಿಲ್ಲ' ಎಂದು ಏಜೆನ್ಸಿಯವರು ಅಂದರೂ ತಲೆಯಾಡಿಸಿ ಸುಮ್ಮನಾಗಬೇಡಿ. ಜಿಮ್ಮೋ ಎಂಬುವರು ಹೂಡಿದ ಮೊಕದ್ದಮೆಯಲ್ಲಿ 2013ರ ಜನವರಿಯಲ್ಲಿ ವರ್ಮಾಂಟ್‌ನ ಫೆಡರಲ್ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ಇರುವ ಶಕ್ತಿ ಕುಸಿಯದಂತೆ ಕಾಯಲು ತರಬೇತಾದ ಥೆರಪಿಸ್ಟರೇ ಬೇಕಾದರೆ, ಸುಧಾರಣೆಯಿಲ್ಲ ಎಂಬ ಒಂದೇ ಕಾರಣಕ್ಕೆ ಮೆಡಿಕೇರ್ ಇಲ್ಲ ಎನ್ನುವಂತಿಲ್ಲ. ನ್ಯೂಜೆರ್ಸಿಯ ಕುಟುಂಬ ರಜೆ ವಿಮೆಯಲ್ಲಿ ಹೆತ್ತವರಷ್ಟೇ ಅಲ್ಲ, ಅತ್ತೆ-ಮಾವನ ಆರೈಕೆಗೂ ವರ್ಷಕ್ಕೆ 12 ವಾರದವರೆಗೆ ಭತ್ಯೆಯುಂಟು.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಮೆಡಿಕೇರ್ ಇಲ್ಲ. ಗ್ರೀನ್ ಕಾರ್ಡ್ ಬಂದ ಪೋಷಕರೂ ಇಲ್ಲಿ ಸತತ ಐದು ವರ್ಷ ನೆಲೆಸಿದ ಮೇಲಷ್ಟೇ ದುಡ್ಡು ಕಟ್ಟಿ ಮೆಡಿಕೇರ್ ಸೇರಬಹುದು. 1986ರ ಕಾನೂನಿನಿಂದಾಗಿ ಎಮರ್ಜೆನ್ಸಿಯಲ್ಲಿ ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳಿಸುವಂತಿಲ್ಲ. ಜೀವ ಉಳಿಸಿದ ಮೇಲಿನ ನಡಿಗೆಗೆ ಮಾತ್ರ ಆ ಕಾನೂನಿನಲ್ಲಿ ಜಾಗವಿಲ್ಲ. ಇದು ಅನ್ಯಾಯ. ಆದರೆ ಕೈಯಿಂದ ಖರ್ಚು ಮಾಡುವುದೇ ಆದರೆ, ಮನೆಗೆ ಬಂದ ಮೊದಲ ವಾರದಲ್ಲೇ ಓ.ಟಿ.ಯವರನ್ನು ಒಂದೆರಡು ಸಲ ಕರೆಸಿ. ಅವರು ತೋರಿಸಿದ್ದನ್ನು ಒಪ್ಪಿಗೆ ಪಡೆದು ಫೋನಿನಲ್ಲಿ ಚಿತ್ರೀಕರಿಸಿಟ್ಟುಕೊಳ್ಳಿ.

ಭಾಷೆಯ ವಿಷಯಕ್ಕೆ ಬಂದರೆ, ಫೆಡರಲ್ ಹಣ ಪಡೆಯುವ ಆಸ್ಪತ್ರೆ, ಏಜೆನ್ಸಿಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. 'ಬೇಡ, ನಾನೇ ಹೇಳ್ತೀನಿ' ಎಂದು ಮಗ ಮುಂದೆ ಬರುತ್ತಾನೆ. ಅಮ್ಮ ಐದು ನಿಮಿಷ ಹೇಳಿಕೊಂಡಿದ್ದು ಇಂಗ್ಲಿಷಿನಲ್ಲಿ 'ಶಿ ಈಸ್ ಫೈನ್' ಆಗಿಬಿಡುತ್ತದೆ. ಬಚ್ಚಲಿನಲ್ಲಿ ಆದ ಭಯವನ್ನು ಮಗನ ಮುಂದೆ ಹೇಳಲು ನಾಚುವ ತಾಯಂದಿರೂ ಇದ್ದಾರೆ. ಮಾತು ಕಳೆದುಕೊಂಡವರ ಪಾಡು ಇನ್ನೂ ಕಠಿಣ. ಎರಡು ಮೂರು ಭಾಷೆ ಬಲ್ಲವರಿಗೆ ಪಾರ್ಶ್ವವಾಯುವಾದಾಗ ಎಲ್ಲ ಭಾಷೆಗಳೂ ಒಂದೇ ಸಮನಾಗಿ ಮರಳುತ್ತವೆಂದಿಲ್ಲ. ಇಂಗ್ಲಿಷಿನ ಚಿತ್ರಪಟ ಹಿಡಿದು ಪರೀಕ್ಷಿಸಿದರೆ ಕನ್ನಡದಲ್ಲಿ ಉಳಿದಿರುವ ಮಾತು ಲೆಕ್ಕಕ್ಕೇ ಬರುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡಕ್ಕೆ ಹೊಂದುವ ಪರೀಕ್ಷೆಗಳನ್ನು ರೂಪಿಸಿದೆ, ದೂರದಿಂದ ಚಿಕಿತ್ಸೆ ಕೊಡುವ ವಿಭಾಗವನ್ನೂ ನಡೆಸುತ್ತಿದೆ. ಇಲ್ಲಿನ ಸ್ಪೀಚ್ ಥೆರಪಿಸ್ಟರಿಗೆ ಅದರ ಹೆಸರು ಹೇಳುವುದು ಮನೆಯವರ ಕೆಲಸ.

ಆಸ್ಪತ್ರೆಯಿಂದ ಹೊರಡುವ ಮೊದಲೇ ಮಾಡಬೇಕಾದ್ದೂ ಒಂದಿದೆ. 2014ರಲ್ಲಿ ನ್ಯೂಜೆರ್ಸಿ ತಂದ ಕೇರ್ ಕಾಯ್ದೆಯಂತೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರೆಂದು ರೋಗಿ ಹೇಳಿದರೆ ಆಸ್ಪತ್ರೆ ಆ ಹೆಸರನ್ನು ದಾಖಲಿಸಬೇಕು, ಡಿಸ್ಚಾರ್ಜ್‌ಗೆ ಮುಂಚೆ ಅವರಿಗೆ ತಿಳಿಸಬೇಕು, ಮನೆಯಲ್ಲಿ ಮಾಡಬೇಕಾದ ಆರೈಕೆಯನ್ನು ಕಲಿಸಬೇಕು. ನಮ್ಮ ಮನೆಗಳಲ್ಲಿ ಬರೆಸುವುದು ಸಾಮಾನ್ಯವಾಗಿ ಮಗನ ಹೆಸರು, ಹಗಲೆಲ್ಲ ಜೊತೆಗಿರುವುದು ಸೊಸೆ ಅಥವಾ ಅಷ್ಟೇ ವಯಸ್ಸಾದ ಅಪ್ಪ. ಯಾರು ಇರುತ್ತಾರೋ ಅವರ ಹೆಸರು ಬರೆಸಿ, ಕಲಿಸುವಾಗ ಅವರನ್ನೇ ಎದುರಿಗೆ ನಿಲ್ಲಿಸಿ.

ನ್ಯೂಜೆರ್ಸಿಯ ಬೃಂದಾವನ ಕನ್ನಡ ಕೂಟದವರಲ್ಲಿ ಒಂದು ಕೋರಿಕೆ. ಅಟ್ಲಾಂಟಿಕ್ ಸಿಟಿಯಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2016ರ ಸಮ್ಮೇಳನಕ್ಕೆ ಆತಿಥ್ಯ ನೀಡಿದ ರಾಜ್ಯ ನಮ್ಮದು, ಜನಬಲಕ್ಕೆ ಕೊರತೆಯಿಲ್ಲ. ಕನ್ನಡ ಬಲ್ಲ ಫಿಸಿಕಲ್ ಥೆರಪಿಸ್ಟ್, ಓ.ಟಿ., ಸ್ಪೀಚ್ ಥೆರಪಿಸ್ಟರ ಒಂದು ಪಟ್ಟಿ ಮಾಡಿ. ಗ್ಯಾರೇಜುಗಳಲ್ಲಿ ಧೂಳು ತಿನ್ನುತ್ತಿರುವ ವಾಕರ್, ಸ್ನಾನದ ಕುರ್ಚಿಗಳನ್ನು ಒಂದು ಕಡೆ ಸೇರಿಸಿ. ಥೆರಪಿಸ್ಟ್ ಬಂದ ಹೊತ್ತಿಗೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಮಾತಾಡಲು ನಿವೃತ್ತರು ಬೇಕಾದಷ್ಟು ಜನ ಸಿಗುತ್ತಾರೆ. ಅವರ ಹೆಸರು ಬರೆದುಕೊಳ್ಳಲು ಮುಂದಿನ ಯುಗಾದಿ ಕಾರ್ಯಕ್ರಮದ ಬಾಗಿಲಲ್ಲಿ ಒಂದು ಮೇಜು ಹಾಕಿ.