ರಸ್ತೆಯ ಕೊನೆಯ ಒಂದು ಮೀಟರ್ ಯಾರದು?

ದೀಪಾವಳಿ ಮುಗಿದು ಕಾರ್ತಿಕದ ಚಳಿ ಶುರುವಾಯಿತೆಂದರೆ ಮಂಡ್ಯ, ಮೈಸೂರು ಸುತ್ತಮುತ್ತಲ ರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್‌ಗಳ ಸಾಲು ಕಾಣಿಸತೊಡಗುತ್ತದೆ. ಮಳೆ ನಿಂತಿರುತ್ತದೆ, ನಾಲೆಗಳಲ್ಲಿ ನೀರಿರುತ್ತದೆ, ಬಿಸಿಲು ಸುಡುವುದಿಲ್ಲ. ಕೆಲವರು ಚಾಮುಂಡಿ ಬೆಟ್ಟ ಹತ್ತುತ್ತಾರೆ, ಕೆಲವರು ಶ್ರೀರಂಗಪಟ್ಟಣದ ಕರಿಘಟ್ಟದವರೆಗೆ ಹೋಗಿ ಬರುತ್ತಾರೆ. ಕಾಲಲ್ಲಿ ಇನ್ನೂ ಶಕ್ತಿ ಇರುವವರು ಪಾಂಡವಪುರ ದಾಟಿ ಮೇಲುಕೋಟೆಯ ಕಡೆ ತಿರುಗುತ್ತಾರೆ. ಹತ್ತು ಗಂಟೆಯೊಳಗೆ ಇಡ್ಲಿ, ಕಾಫಿ ಮುಗಿಸಿ ಮನೆ ಸೇರುವುದು ಎಲ್ಲರ ಲೆಕ್ಕ.

ನಾನೂ ಅವರಲ್ಲಿ ಒಬ್ಬ. ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಕೊಂಡು ಎರಡು ವರ್ಷವಾಯಿತು. ವಾರವಿಡೀ ತರಗತಿ, ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್ ನಡುವೆ ಕಳೆಯುವ ನಮ್ಮಂಥವರಿಗೆ ಆ ನಾಲ್ಕು ಗಂಟೆ ದೊಡ್ಡ ಬಿಡುಗಡೆ. ಆದರೆ ವರ್ಷದ ಅತ್ಯಂತ ಚೆಂದದ ಈ ಸವಾರಿಯ ಕಾಲವೇ ಸೈಕಲ್ ತುಳಿಯುವವರಿಗೆ ಅಪಾಯದ ಕಾಲವೂ ಆಗಿದೆ. ಅದಕ್ಕೆ ಕಾರಣ ಚಳಿಯೊಂದೇ ಅಲ್ಲ. ನಮ್ಮ ರಸ್ತೆಗಳ ಅಂಚನ್ನು ನಾವು ಯಾರಿಗಾಗಿ ಕಟ್ಟುತ್ತಿದ್ದೇವೆ, ಅಥವಾ ಯಾರಿಗಾಗಿ ಕಟ್ಟದೆ ಬಿಟ್ಟಿದ್ದೇವೆ ಎಂಬ ಪ್ರಶ್ನೆ ಇದರ ಹಿಂದೆ ಇದೆ.

ನವೆಂಬರ್ ಬೆಳಗಿನ ಲೆಕ್ಕ

ಜೂನ್‌ನಲ್ಲಿ ನಮ್ಮ ಭಾಗದಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ. ನವೆಂಬರ್ ನಡುವಿನ ಹೊತ್ತಿಗೆ 6.20 ದಾಟುತ್ತದೆ, ಜನವರಿ ಕೊನೆಗೆ 6.45ರ ಆಚೆಗೆ ಹೋಗುತ್ತದೆ. ನಾವು ಹೊರಡುವ ಸಮಯ ಮಾತ್ರ ಬದಲಾಗುವುದಿಲ್ಲ. 5.30ಕ್ಕೆ ಹೊರಟರೆ ಜೂನ್‌ನಲ್ಲಿ ಆಗಲೇ ನಸುಬೆಳಕು ಹರಿಯುತ್ತಿರುತ್ತದೆ. ನವೆಂಬರಿನಲ್ಲಿ ಅದೇ ಸಮಯ ಕತ್ತಲು, ಜೊತೆಗೆ ಗದ್ದೆ ಬಯಲಿನ ಮೇಲೆ ನಿಂತ ಮಂಜು.

ಈಗ ಎಂಜಿನಿಯರಿಂಗ್ ಓದುವವರು ಯಾರೂ ಮಾಡಬಲ್ಲ ಒಂದು ಸಣ್ಣ ಲೆಕ್ಕ ಮಾಡೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮುಂದೆ ಏನೋ ಇದೆ ಎಂದು ಗೊತ್ತಾಗಿ ಚಾಲಕನ ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಬೇಕು ಎಂದಿಟ್ಟುಕೊಂಡರೆ ಅಷ್ಟರಲ್ಲೇ 33 ಮೀಟರ್ ಮುಗಿಯಿತು. ಒಣಗಿದ ಒಳ್ಳೆಯ ಡಾಂಬರಿನ ಮೇಲೆ ಪೂರ್ತಿ ನಿಲ್ಲಲು ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು 70 ಮೀಟರ್ ಹತ್ತಿರ. ಲೋ ಬೀಮ್ ಬೆಳಕಿನಲ್ಲಿ ಗಾಢ ಬಣ್ಣದ ಬಟ್ಟೆ ತೊಟ್ಟ ಮನುಷ್ಯ ಕಣ್ಣಿಗೆ ಬೀಳುವುದು ಸುಮಾರು ಮೂವತ್ತು, ನಲವತ್ತು ಮೀಟರ್ ದೂರದಲ್ಲಿ. ಅಂದರೆ ಕಂಡ ಮೇಲೆ ನಿಲ್ಲಿಸಲು ಜಾಗವೇ ಇರುವುದಿಲ್ಲ. ಅದೇ ಕಾರು 50ರ ವೇಗದಲ್ಲಿ ಬಂದರೆ 35 ಮೀಟರಿನಲ್ಲಿ ನಿಲ್ಲುತ್ತದೆ. ಸೈಕಲ್ ಕೂಡ ಮುಂದಕ್ಕೆ ಚಲಿಸುತ್ತಿರುವುದರಿಂದ ಸ್ವಲ್ಪ ಉಳಿತಾಯವಾಗುತ್ತದೆ ನಿಜ. ಆದರೆ ನಡೆದು ಹೋಗುವವರಿಗೆ, ಹಿಂದೆ ಕೆಂಪು ದೀಪವಿಲ್ಲದೆ ಕೆಟ್ಟು ನಿಂತ ಟ್ರ್ಯಾಕ್ಟರಿಗೆ ಆ ಉಳಿತಾಯವೂ ಇಲ್ಲ.

ಸುಗ್ಗಿ ಹತ್ತಿರವಾದಂತೆ ಇದೇ ರಸ್ತೆಗೆ ಇನ್ನಷ್ಟು ಜನ ಬರುತ್ತಾರೆ. ಕಬ್ಬು ತುಂಬಿದ ಟ್ರೇಲರ್‌ಗಳು ನಸುಕಿನಲ್ಲೇ ಹೊರಡುತ್ತವೆ, ಅನೇಕಕ್ಕೆ ಹಿಂದೆ ರಿಫ್ಲೆಕ್ಟರ್ ಇರುವುದಿಲ್ಲ. ರಾಗಿ, ಹುರುಳಿ ಕೊಯ್ಲಾದ ಮೇಲೆ ಕಣವಿಲ್ಲದ ರೈತರು ಡಾಂಬರು ರಸ್ತೆಯನ್ನೇ ಕಣ ಮಾಡಿಕೊಳ್ಳುತ್ತಾರೆ. ಹುಲ್ಲಿನ ಮೇಲೆ ಸೈಕಲ್ ಚಕ್ರ ಜಾರಿದರೆ ಬೀಳುವುದು ರಸ್ತೆಯ ಮಧ್ಯಕ್ಕೇ. ಒಂದೇ ಎರಡು ಪಥದ ರಸ್ತೆಯಲ್ಲಿ ಕಾರು, ಬಸ್ಸು, ಕಬ್ಬಿನ ಗಾಡಿ, ಒಕ್ಕಣೆ, ಹಾಲಿನವರು, ಮೇಲೆ ನಮ್ಮಂಥ ಹವ್ಯಾಸಿಗಳು.

ಸಾಯುವವರು ಯಾರು?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸೈಕಲ್ ಸವಾರರು 4,836. ಶೇಕಡಾವಾರು ನೋಡಿದರೆ ಮೂರಕ್ಕಿಂತ ಕಡಿಮೆ, ಹಾಗಾಗಿ ಸುದ್ದಿಯಾಗುವುದಿಲ್ಲ. ದಿನಕ್ಕೆ ಭಾಗಿಸಿದರೆ ಹದಿಮೂರು ಜನ. ಅದೇ ವರದಿಯಲ್ಲಿ ಇನ್ನೊಂದು ಅಂಶವಿದೆ: ಒಟ್ಟು ಅಪಘಾತಗಳಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹಿಂದಿನಿಂದ ಬಂದು ಗುದ್ದಿದಂಥವು. ಸೈಕಲ್ ತುಳಿಯುವವನಿಗೆ ಹಿಂದೆ ಕಣ್ಣಿಲ್ಲ.

ಈ 4,836 ಜನರಲ್ಲಿ ಹೆಲ್ಮೆಟ್ ಹಾಕಿ, ಬಣ್ಣದ ಜೆರ್ಸಿ ತೊಟ್ಟು ಭಾನುವಾರ ಮಾತ್ರ ಹೊರಡುವವರು ಎಷ್ಟಿದ್ದಾರು? ನಮ್ಮ ದೇಶದಲ್ಲಿ ಸೈಕಲ್ ಎಂದರೆ ಮೊದಲು ದುಡಿಮೆ. 2011ರ ಜನಗಣತಿಯ ಪ್ರಕಾರ ಶೇ 44.8ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಗಾರೆ ಕೆಲಸದವರು, ಸೆಕ್ಯುರಿಟಿ ಗಾರ್ಡ್‌ಗಳು, ಸೊಪ್ಪು ಮಾರುವವರು, ಶಾಲೆಯ ಮಕ್ಕಳು ತುಳಿಯುವುದೇ ಹೆಚ್ಚು. ಆದ್ದರಿಂದ ಸೈಕಲ್ ಸವಾರರ ಸುರಕ್ಷತೆ ಎಂದ ಕೂಡಲೇ 'ಲಕ್ಷ ರೂಪಾಯಿ ಸೈಕಲ್‌ನವರ ಶೋಕಿ' ಎಂದು ತಳ್ಳಿಹಾಕುವುದು ಸರಿಯಲ್ಲ. ಹಾಗೆಯೇ ನಾವು ಹವ್ಯಾಸಿಗಳು ನಮಗೆ ಮಾತ್ರ ಪ್ರತ್ಯೇಕ ಟ್ರ್ಯಾಕ್ ಕೇಳುವುದೂ ಸರಿಯಲ್ಲ.

ನಮ್ಮ ಗುಂಪಿಗೆ ದಾರಿಯಲ್ಲಿ ಒಬ್ಬ ಹಿರಿಯರು ಸಿಗುತ್ತಿದ್ದರು. ಹಳೆಯ ಸೈಕಲ್ಲಿನ ಎರಡೂ ಕಡೆ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹಾಲು ಹಾಕಲು ಹೋಗುವವರು. ಕಂದು ಶಾಲು, ದೀಪವಿಲ್ಲ. ನಮ್ಮಲ್ಲಿ ಒಬ್ಬೊಬ್ಬರ ಸೈಕಲ್ಲಿನಲ್ಲಿ ಮುಂದೆ ಒಂದು, ಹಿಂದೆ ಎರಡು ಲೈಟು. ಕಳೆದ ವರ್ಷ ನಾವೆಲ್ಲ ಸೇರಿ ಇನ್ನೂರೈವತ್ತು ರೂಪಾಯಿಯ ಕೆಂಪು ಲೈಟೊಂದನ್ನು ಅವರ ಕ್ಯಾರಿಯರಿಗೆ ಕಟ್ಟಿಕೊಟ್ಟೆವು. ಸಂತೋಷಪಟ್ಟರು. ಆಮೇಲೆ ರಸ್ತೆಯ ಪಕ್ಕ ಕೈ ತೋರಿಸಿ, 'ಲೈಟೇನೋ ಆಯ್ತು ಕಣ್ರಪ್ಪಾ, ಬಸ್ಸು ಹಾರ್ನ್ ಹೊಡೆದರೆ ಇಳಿಯೋಕೆ ಜಾಗ ಎಲ್ಲೈತೆ?' ಎಂದರು. ಎರಡು ತಿಂಗಳ ನಂತರ ಅವರು ಕಾಣಿಸಲಿಲ್ಲ. ವಿಚಾರಿಸಿದಾಗ, ಲಾರಿಗೆ ದಾರಿ ಬಿಡಲು ಹೋಗಿ ಅಂಚಿನಿಂದ ಕೆಳಗೆ ಬಿದ್ದು ತೊಡೆಯ ಮೂಳೆ ಮುರಿದಿದೆ ಎಂದು ತಿಳಿಯಿತು. ಯಾವ ವಾಹನವೂ ಅವರಿಗೆ ತಾಗಿರಲಿಲ್ಲ. ಹಾಗಾಗಿ ಅದು ಯಾವ ದಾಖಲೆಯಲ್ಲೂ ರಸ್ತೆ ಅಪಘಾತವಾಗಿ ಸೇರಿರಲಾರದು. ಈಗ ಹಾಲು ಹಾಕಲು ಅವರ ಮೊಮ್ಮಗಳು ಬರುತ್ತಾಳೆ. ಅದೇ ಸೈಕಲ್, ಅದೇ ಲೈಟು, ಅದೇ ಅಂಚು.

ಅಂಚು ಹೇಗೆ ಕಳೆದುಹೋಯಿತು?

ಆ ಹಿರಿಯರು ಬಿದ್ದ ಜಾಗವನ್ನು ನಾವು ಹೋಗಿ ನೋಡಿದೆವು. ಅಲ್ಲಿ ಟಾರಿನ ಅಂಚಿಗೂ ಪಕ್ಕದ ಮಣ್ಣಿಗೂ ನಡುವೆ ಒಂದು ಗೇಣಿನಷ್ಟು ಇಳಿಕೆ ಇತ್ತು. ಇದು ಒಂದು ಊರಿನ ಕಥೆಯಲ್ಲ. ಪ್ರತಿ ಸಲ ರಸ್ತೆಗೆ ಮರುಡಾಂಬರೀಕರಣ ಮಾಡುವಾಗ ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತಾರೆ. ರಸ್ತೆ ಎತ್ತರವಾಗುತ್ತ ಹೋಗುತ್ತದೆ, ಪಕ್ಕದ ಭುಜ ಇದ್ದಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ನೀರು ಆ ಅಂಚನ್ನು ಇನ್ನಷ್ಟು ಕೊರೆಯುತ್ತದೆ. ಮಳೆ ಮುಗಿಯುವ ಹೊತ್ತಿಗೆ ಪಾರ್ಥೇನಿಯಂ, ಲಂಟಾನ ಎದೆಯೆತ್ತರ ಬೆಳೆದು ಕೊರಕಲನ್ನು ಮುಚ್ಚಿಬಿಡುತ್ತವೆ. ಎಲ್ಲರೂ ಸೈಕಲ್ ಹೊರತೆಗೆಯುವ ಕಾರ್ತಿಕದಲ್ಲಿ ಅಂಚು ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುತ್ತದೆ. ರೋಡ್ ಬೈಕಿನ ಟೈರ್ ಅಗಲ 25ರಿಂದ 28 ಮಿ.ಮೀ. ನಾಲ್ಕು ಬೆರಳಿನ ಇಳಿಕೆ ಕಾರಿಗೆ ಲೆಕ್ಕಕ್ಕಿಲ್ಲ, ಆ ಟೈರಿಗೆ ಅದು ಗೋಡೆ.

ಇದು ಗೊತ್ತಿಲ್ಲದೆ ಆದ ತಪ್ಪಲ್ಲ. ಸೈಕಲ್ ಪಥದ ವಿನ್ಯಾಸಕ್ಕೆಂದೇ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಒಂದು ಕೋಡ್ ತಂದಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198ಎ ಸೆಕ್ಷನ್, ವಿನ್ಯಾಸ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದೆ ಅದರಿಂದ ಸಾವು, ಅಂಗವೈಕಲ್ಯ ಉಂಟಾದರೆ ಗುತ್ತಿಗೆದಾರರಿಗೆ, ಸಂಬಂಧಪಟ್ಟ ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಹೆಲ್ಮೆಟ್ ದಂಡದ ಬಗ್ಗೆ ಊರಿಗೆಲ್ಲ ಗೊತ್ತು. ಈ ಸೆಕ್ಷನ್ ಬಗ್ಗೆ ಕೇಳಿದವರು ಕಡಿಮೆ.

ಎಕ್ಸ್‌ಪ್ರೆಸ್‌ವೇ ಕಲಿಸಿದ್ದು

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್, ಸೈಕಲ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧಿಸಲಾಯಿತು. ಆ ನಿರ್ಧಾರವನ್ನು ನಾನು ವಿರೋಧಿಸುವುದಿಲ್ಲ. ನೂರರ ವೇಗದಲ್ಲಿ ಓಡುವ ಕಾರುಗಳ ನಡುವೆ ಇಪ್ಪತ್ತರ ಸೈಕಲ್ ಇರಬಾರದು. ಮುಂದೆ ವೇಗ ಹಿಡಿಯುವ ಕ್ಯಾಮೆರಾಗಳೂ ಬಂದ ಮೇಲೆ ಆ ರಸ್ತೆಯಲ್ಲಿ ಸಾವು ಇಳಿದದ್ದೂ ಒಳ್ಳೆಯ ಬೆಳವಣಿಗೆ.

ಆದರೆ ನಿಧಾನವಾಗಿ ಹೋಗುವವರನ್ನೆಲ್ಲ ಕೆಳಗಿಳಿಸಿದ ಮೇಲೆ, ಕೆಳಗಿನ ರಸ್ತೆಯ ಮೇಲೂ ಅಷ್ಟೇ ಗಮನ ಕೊಡಬೇಕಿತ್ತು. ಸರ್ವಿಸ್ ರಸ್ತೆ ಎಲ್ಲೆಡೆ ಒಂದೇ ಸಮನೆ ಮುಂದುವರಿಯುವುದಿಲ್ಲ, ಸೇತುವೆ, ರೈಲ್ವೆ ಹಳಿ ಬಂದಲ್ಲಿ ತುಂಡಾಗುತ್ತದೆ ಎಂಬುದೇ ಆಗ ಎದ್ದ ಮುಖ್ಯ ಆಕ್ಷೇಪ. ಟೋಲ್ ತಪ್ಪಿಸಲು ಬರುವ ಕಾರು, ಊರಿಂದೂರಿಗೆ ಓಡುವ ಬಸ್ಸು, ಎದುರು ದಿಕ್ಕಿನಲ್ಲಿ ಬರುವ ಬೈಕು, ಎಲ್ಲವೂ ಅಲ್ಲೇ. ವೇಗಕ್ಕೆ ಒಂದು ರಸ್ತೆ ಸಿಕ್ಕಿತು, ಉಳಿದವರಿಗೆಲ್ಲ ಉಳಿದದ್ದು ಸಿಕ್ಕಿತು.

ನಗರದ ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಮೈಸೂರಿನಲ್ಲಿ 2017ರಲ್ಲಿ ಸುಮಾರು 450 ಸೈಕಲ್‌ಗಳೊಂದಿಗೆ 'ಟ್ರಿಣ್ ಟ್ರಿಣ್' ಬಾಡಿಗೆ ಯೋಜನೆ ಉತ್ಸಾಹದಿಂದ ಶುರುವಾಗಿ ನಂತರ ಸೊರಗಿತು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಪಥ ಬೈಕ್‌ಗಳ ದಾರಿಯಾಯಿತು, ಆಮೇಲೆ ಕಂಬಗಳೂ ಉಳಿಯಲಿಲ್ಲ. 2006–07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಉಚಿತ ಸೈಕಲ್ ಇವೆಲ್ಲಕ್ಕಿಂತ ದೊಡ್ಡ ಕೆಲಸ ಮಾಡಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದು ಅದರ ಮೇಲೆ. ನನಗೂ ಒಂದು ಸಿಕ್ಕಿತ್ತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಸೈಕಲ್ ಕೊಟ್ಟಷ್ಟು ಸುಲಭವಾಗಿ ನಾವು ಅದಕ್ಕೆ ಜಾಗ ಕೊಡಲಿಲ್ಲ.

ಏನು ಮಾಡಬಹುದು?

ಕೇಳಬೇಕಾದದ್ದು ವಿದೇಶಿ ಮಾದರಿಯ ಸೈಕಲ್ ಹೆದ್ದಾರಿಯನ್ನಲ್ಲ. ಮೊದಲನೆಯದು, ಮರುಡಾಂಬರೀಕರಣದ ಟೆಂಡರಿನಲ್ಲೇ ರಸ್ತೆಯ ಭುಜವನ್ನು ಸಮ ಮಾಡುವ ಕೆಲಸವೂ ಸೇರಬೇಕು, ಅದು ಮುಗಿಯದೆ ಕೊನೆಯ ಬಿಲ್ ಪಾಸಾಗಬಾರದು. ಎರಡನೆಯದು, ಮಳೆ ನಿಂತ ಕೂಡಲೇ, ಅಕ್ಟೋಬರ್ ಕೊನೆಯೊಳಗೆ, ಪೊದೆ ಕಡಿದು ಕೊರಕಲು ತುಂಬುವುದು ಪ್ರತಿ ವರ್ಷದ ನಿಗದಿತ ಕೆಲಸವಾಗಬೇಕು. ಮೂರನೆಯದು, ರಾಜ್ಯ ಹೆದ್ದಾರಿ ಅಗಲ ಮಾಡುವಾಗ ಎರಡೂ ಕಡೆ ಕನಿಷ್ಠ ಒಂದು ಮೀಟರ್ ಟಾರಿನ ಭುಜ ಬಿಡಬೇಕು. ಅದು ಸೈಕಲ್ಲಿಗೂ ಆಯಿತು, ನಡೆಯುವವರಿಗೂ ಆಯಿತು, ಕೆಟ್ಟು ನಿಂತ ಗಾಡಿಗೂ ಆಯಿತು. ಹೊಸ ಸೈಕಲ್‌ಗಳ ರಿಫ್ಲೆಕ್ಟರ್ ಗುಣಮಟ್ಟಕ್ಕೆ ಕೇಂದ್ರ 2020ರಲ್ಲಿ ಆದೇಶ ಹೊರಡಿಸಿತ್ತು. ಹಳೆಯ ಸೈಕಲ್, ಟ್ರೇಲರ್‌ಗಳಿಗೆ ಡೇರಿಗಳ ಮುಂದೆ, ಸಕ್ಕರೆ ಕಾರ್ಖಾನೆಗಳ ಗೇಟಿನಲ್ಲೇ ಹೊಳೆಯುವ ಪಟ್ಟಿ ಅಂಟಿಸಿದರೆ ಹೆಚ್ಚು ಖರ್ಚಿಲ್ಲ.

ನಮ್ಮ ಕಡೆಯ ತಪ್ಪುಗಳೂ ಇವೆ. ಮೂವರು ಸಾಲಾಗಿ ಹರಟುತ್ತ ತುಳಿಯುವುದು, ಕಿವಿಗೆ ಇಯರ್‌ಫೋನ್, ಸ್ಟ್ರಾವಾದಲ್ಲಿ ಒಂದು ಸ್ಥಾನ ಮೇಲೇರಲು ಊರೊಳಗೆ ಸ್ಪ್ರಿಂಟ್ ಹೊಡೆಯುವುದು, ಇವನ್ನು ಬಿಡದೆ ನಾವು ಯಾರನ್ನೂ ಪ್ರಶ್ನಿಸುವಂತಿಲ್ಲ. ನವೆಂಬರಿನಿಂದ ಫೆಬ್ರುವರಿವರೆಗೆ ಅರ್ಧ ಗಂಟೆ ತಡವಾಗಿ ಹೊರಟರೆ ಕಳೆದುಕೊಳ್ಳುವುದೇನೂ ಇಲ್ಲ. ಇಡ್ಲಿ ಅಷ್ಟು ಬೇಗ ಖಾಲಿಯಾಗುವುದಿಲ್ಲ.

ಸಿವಿಲ್ ಓದುವ ಗೆಳೆಯರಿಗೆ ಇನ್ನೊಂದು ಮಾತು. ಸರ್ವೇ ಕ್ಯಾಂಪಿಗೆ ಪ್ರತಿ ವರ್ಷ ಹೋಗುತ್ತೇವೆ, ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತ ಅಲೆಯುತ್ತೇವೆ. ನಿಮ್ಮೂರಿನ ಐದು ಕಿ.ಮೀ. ರಸ್ತೆ ಆರಿಸಿಕೊಂಡು ಪ್ರತಿ ನೂರು ಮೀಟರಿಗೆ ಅಂಚಿನ ಇಳಿಕೆ ಎಷ್ಟು, ಭುಜದ ಅಗಲ ಎಷ್ಟು ಎಂದು ಅಳೆದು ಫೋಟೊ ಸಮೇತ ಲೋಕೋಪಯೋಗಿ ಇಲಾಖೆಗೆ ಕೊಡಿ. ನಮ್ಮಲ್ಲಿ ಹಲವರು ನಾಳೆ ಸಹಾಯಕ ಎಂಜಿನಿಯರ್ ಪರೀಕ್ಷೆ ಬರೆಯುವವರೇ. ಬಿಲ್ಲಿಗೆ ಸಹಿ ಹಾಕುವ ಕುರ್ಚಿಯಲ್ಲಿ ಕೂರುವ ಮೊದಲು, ಆ ಅಂಚಿನ ಮೇಲೆ ಸೈಕಲ್ ತುಳಿದಿದ್ದರೆ ಒಳ್ಳೆಯದು.

ನಾವು ನಾಲ್ವರು ಆ ಕೆಲಸ ಶುರು ಮಾಡಿದ್ದೇವೆ. ಮೊದಲು ಅಳೆದದ್ದು ಡೇರಿಗೆ ಹೋಗುವ ರಸ್ತೆಯನ್ನು. ಟೇಪಿನ ಇನ್ನೊಂದು ತುದಿ ಹಿಡಿದು ನಿಂತವಳು ಆ ಮೊಮ್ಮಗಳು. ಅರ್ಜಿ ಕೊಟ್ಟಾಗಿದೆ, ಉತ್ತರ ಇನ್ನೂ ಬಂದಿಲ್ಲ.