ವ್ಯಾಕರಣಕ್ಕೂ ಗಣಕಕ್ಕೂ ಒಂದೇ ಸೂರು

ಗಣಕವಿಜ್ಞಾನಕ್ಕಾಗಿ ಕಟ್ಟುವ ಭವನದಲ್ಲಿ ವೈಯಾಕರಣರಿಗೂ ಒಂದು ಕೊಠಡಿ ಇರಲಿ ಎಂದರೆ ನಮ್ಮಲ್ಲಿ ಅನೇಕರು ನಕ್ಕಾರು. ಆದರೆ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಇದು ನಗೆಯ ಮಾತಲ್ಲ. ಫ್ರಾಂಕ್ ಗೆಹ್ರಿ ರೂಪಿಸಿದ, 2004ರಲ್ಲಿ ತೆರೆದ ಅಲ್ಲಿಯ ಸ್ಟಾಟಾ ಭವನದಲ್ಲಿ ಗಣಕವಿಜ್ಞಾನದ ಪ್ರಯೋಗಾಲಯದೊಡನೆ ಭಾಷಾವಿಜ್ಞಾನ ಮತ್ತು ತತ್ತ್ವಶಾಸ್ತ್ರದ ವಿಭಾಗವೂ ನೆಲಸಿದೆ.

ಈ ನೆರೆತನ ಹಳೆಯದು. ಅದೇ ನಿವೇಶನದಲ್ಲಿ ಹಿಂದೆ ‘ಇಪ್ಪತ್ತನೆಯ ಕಟ್ಟಡ’ವೆಂಬ ಮರದ ಕಟ್ಟಡವಿತ್ತು. 1943ರಲ್ಲಿ, ಯುದ್ಧಕಾಲದ ರೇಡಾರ್ ಸಂಶೋಧನೆಗೆಂದು ಅವಸರದಲ್ಲಿ ಎಬ್ಬಿಸಿದ ಈ ತಾತ್ಕಾಲಿಕ ಮನೆ 1998ರವರೆಗೂ ನಿಂತಿತು. ಚೆಲುವೂ ಇಲ್ಲ, ಸೌಕರ್ಯವೂ ಇಲ್ಲ. ಆದರೆ ಬೇಕೆನಿಸಿದಾಗ ಗೋಡೆ ಕೀಳುವ ಸ್ವಾತಂತ್ರ್ಯವಿತ್ತು. ಭಾಷಾವಿಜ್ಞಾನಿಗಳಾದ ಮಾರಿಸ್ ಹ್ಯಾಲೆ, ನೋಮ್ ಚಾಮ್‌ಸ್ಕಿ ಅಲ್ಲಿ ಇಂಜಿನಿಯರುಗಳ ನಡುವೆ ಕೆಲಸ ಮಾಡಿದರು. ವ್ಯಾಕರಣದ ಸ್ವರೂಪವನ್ನು ಕುರಿತು ಚಾಮ್‌ಸ್ಕಿ 1956ರಲ್ಲಿ ಮಂಡಿಸಿದ ವಿಚಾರ ಇಂದು ಗಣಕವಿಜ್ಞಾನದ ವಿದ್ಯಾರ್ಥಿಗಳ ಪಾಠವಾಗಿದೆ.

ಹೊಸ ಭವನಕ್ಕೆ ಅಪಾರ ಹಣ ವ್ಯಯವಾಯಿತು. ಆದರೂ ಸೋರಿಕೆ, ಬಿರುಕುಗಳೆಂದು ಸಂಸ್ಥೆಯೇ 2007ರಲ್ಲಿ ವಾಸ್ತುಶಿಲ್ಪಿಯ ಮೇಲೆ ದಾವೆ ಹೂಡಿತು. 2010ರಲ್ಲಿ ಅದು ರಾಜಿಯಾಯಿತು. ವಿದ್ಯಾಮಂದಿರದ ಹಿರಿಮೆ ಗೋಡೆಯ ಬೆಲೆಯಲ್ಲಿಲ್ಲ, ಪಕ್ಕದ ಕೊಠಡಿಯಲ್ಲಿ ಯಾರಿದ್ದಾರೆ ಎಂಬುದರಲ್ಲಿದೆ.

ಕನ್ನಡ ಅಧ್ಯಾಪಕನಾದ ನನಗೆ ಈ ಕಥೆ ದೂರದ್ದೆನಿಸುವುದಿಲ್ಲ. ‘ಮನೆಯಲ್ಲಿರುವವರಿಗೂ’ ಎಂಬ ಒಂದೇ ಪದವನ್ನು ನೋಡಿ. ಮನೆ, ಅಲ್ಲಿ, ಇರುವವರು, ಗೆ, ಊ — ಇವೆಲ್ಲ ಅದರಲ್ಲಿ ಬೆಸೆದುಕೊಂಡಿವೆ. ನಡುವೆ ಯಕಾರ ಬಂದಿದೆ, ಸ್ವರಗಳು ಲೋಪವಾಗಿವೆ. ಇದನ್ನು ಬಿಡಿಸಲಾರದ ಯಂತ್ರ ಕನ್ನಡವನ್ನು ಹುಡುಕೀತು ಹೇಗೆ, ಅನುವಾದಿಸೀತು ಹೇಗೆ? ರಾಶಿ ರಾಶಿ ಬರಹವನ್ನು ಓದಿಸಿದರೆ ಯಂತ್ರ ತಾನೇ ಕಲಿಯುವುದೆಂಬ ವಾದವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಇಂಗ್ಲಿಷಿಗಿರುವ ರಾಶಿ ಕನ್ನಡಕ್ಕಿಲ್ಲ. ಬಡವನಿಗೆ ಸೂತ್ರವೇ ಆಸ್ತಿ. ಆ ಆಸ್ತಿಯನ್ನು ಕೇಶಿರಾಜ 13ನೆಯ ಶತಮಾನದಲ್ಲೇ ಕೂಡಿಟ್ಟಿದ್ದಾನೆ.

ತಪ್ಪು ಇಂಜಿನಿಯರುಗಳದೊಂದೇ ಅಲ್ಲ. ಸಂಧಿಪ್ರಕರಣವನ್ನು ಪರೀಕ್ಷೆಯ ಅಂಕಗಳಿಗಾಗಿ ಉರುಹೊಡೆಸಿ, ಗಣಕದ ಹೆಸರೆತ್ತಿದೊಡನೆ ಮುಖ ತಿರುಗಿಸಿದವರು ನಾವೂ ಹೌದು. ಹೊಸ ಭವನಗಳನ್ನು ಕಟ್ಟುವವರಲ್ಲಿ ನನ್ನ ಬಿನ್ನಹ ಇಷ್ಟೆ: ಅದರಲ್ಲಿ ನಮಗೊಂದು ಕೊಠಡಿ ಕೊಡಿ. ನನ್ನ ಸಹೋದ್ಯೋಗಿಗಳಲ್ಲಿ ಬಿನ್ನಹ: ಕೊಟ್ಟರೆ, ಬಾಗಿಲು ಮುಚ್ಚಿಕೊಂಡು ಕೂಡದಿರೋಣ.