ಕೊಲೆಸ್ಟರಾಲ್ ಸರಿಯಿದ್ದರೆ ಸಾಕೇ?

ಕೊಲೆಸ್ಟರಾಲ್ ಹೆಚ್ಚಿಲ್ಲವೆಂದು ನೀವು ನಿಶ್ಚಿಂತರಾಗಿದ್ದೀರಾ? ಹೃದಯದ ರಕ್ತನಾಳದಲ್ಲಿ ಕೊಬ್ಬು ಶೇಖರವಾಗುವುದರ ಜೊತೆಗೆ ಉರಿಯೂತವೂ ಇರುತ್ತದೆ. ಅದರಿಂದ ಕೊಬ್ಬಿನ ಪದರ ಒಡೆದರೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ.

ಉರಿಯೂತವಿದ್ದಾಗ ಯಕೃತ್ತು ಸಿ.ಆರ್.ಪಿ. ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಇದರ ಸೂಕ್ಷ್ಮ ರಕ್ತಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದ್ರೋಗದ ಅಪಾಯ ಕಡಿಮೆ. 3 ಮೀರಿದರೆ ಹೆಚ್ಚು. 2008ರ ಜುಪಿಟರ್ ಅಧ್ಯಯನದಲ್ಲಿ, ಕೆಟ್ಟ ಕೊಲೆಸ್ಟರಾಲ್ ಹೆಚ್ಚಿಲ್ಲದಿದ್ದರೂ ಸಿ.ಆರ್.ಪಿ. 2 ಅಥವಾ ಹೆಚ್ಚಿದ್ದವರಿಗೆ ಸ್ಟ್ಯಾಟಿನ್ ಮಾತ್ರೆ ಕೊಟ್ಟಾಗ ಹೃದಯಾಘಾತಗಳು ಕಡಿಮೆಯಾದವು.

ಆದರೆ 10 ದಾಟಿದರೆ ಗಾಬರಿ ಬೇಡ. ಜ್ವರ, ಸೋಂಕು, ಗಾಯದಿಂದಲೂ ಅದು ಏರುತ್ತದೆ. ಗುಣವಾದ ಎರಡು ವಾರಗಳ ಬಳಿಕ ಮತ್ತೆ ಪರೀಕ್ಷಿಸಿ, ವೈದ್ಯರಿಗೆ ತೋರಿಸಿ. ಧೂಮಪಾನ ಬಿಡಿ, ಬೊಜ್ಜು ಕರಗಿಸಿ, ದಿನಾಲೂ ನಡೆಯಿರಿ. ಎದೆನೋವು ಬಂದರೆ ಮಾತ್ರ ಯಾವ ವರದಿಗೂ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.